ಪುಣೆಯ ಒಂದು ಫೋಟೋಗ್ರಾಮೆಟ್ರಿ ಸೇವೆ: ಜಲ್ಲಿ ರಾಶಿ, ಹಳೆಯ ವಾಡೆ, ಶಾಸನದ ಕಲ್ಲು

ಪುಣೆಯ ಕರ್ವೆ ರಸ್ತೆಯ ಒಳಗಲ್ಲಿಯೊಂದರಲ್ಲಿ ಕಚೇರಿ ಇಟ್ಟುಕೊಂಡಿರುವ ಸಣ್ಣ ಸರ್ವೆ ಸಂಸ್ಥೆಯೊಂದರಿಂದ ಕೆಲವು ವರ್ಷಗಳಿಂದ ನಾನು ಫೋಟೋಗ್ರಾಮೆಟ್ರಿಯ, ಅಂದರೆ ಫೋಟೋಗಳಿಂದ ಅಳತೆ ತೆಗೆದು ಮೂರು ಆಯಾಮದ ಮಾದರಿ ಕಟ್ಟುವ, ಕೆಲಸ ಮಾಡಿಸುತ್ತಿದ್ದೇನೆ. ವೃತ್ತಿಯಿಂದ ಸಿವಿಲ್ ಎಂಜಿನಿಯರ್ ಆದ್ದರಿಂದ ಕೆಲವು ಕೆಲಸಗಳು ನನ್ನ ಕಚೇರಿಗೇ ಬೇಕಾದವು. ಉಳಿದವು ಇಲ್ಲಿನ ಕನ್ನಡಿಗರ ಬಳಗದಲ್ಲಿ ಯಾರಾದರೂ ಕೇಳಿಕೊಂಡಾಗ ಜತೆಗೆ ನಿಂತು ಮಾಡಿಸಿಕೊಟ್ಟವು. ವಾಘೋಲಿ ಕಡೆಯ ಕ್ವಾರಿಯ ಜಲ್ಲಿ ರಾಶಿ, ಪೇಠೆಯೊಳಗಿನ ಒಂದು ಹಳೆಯ ವಾಡೆ (ಚೌಕದ ಸುತ್ತ ಕಟ್ಟಿದ ದೊಡ್ಡ ಮನೆ), ಸೋಲಾಪುರ ರಸ್ತೆಯ ಹಳ್ಳಿಯೊಂದರಲ್ಲಿ ಬಿದ್ದಿದ್ದ ಶಾಸನದ ಕಲ್ಲು, ಹೀಗೆ ಒಂದಕ್ಕೊಂದು ನಂಟಿಲ್ಲದ ಕೆಲಸಗಳನ್ನು ಒಂದೇ ತಂಡ ಮಾಡಿಕೊಟ್ಟಿತು. ಸಂಸ್ಥೆಯ ಹೆಸರನ್ನು ಬರೆಯುತ್ತಿಲ್ಲ. ಹೊಗಳಿಕೆಯ ಜತೆ ದೂರುಗಳೂ ಇವೆ, ಮತ್ತು ಈ ಊರಿನಲ್ಲಿ ಇಂಥ ಸೇವೆ ಕೊಡುವವರು ಅನೇಕರಿರುವುದರಿಂದ, ಯಾರ ಬಳಿ ಹೋದರೂ ಏನನ್ನು ಕೇಳಿ ಪಡೆಯಬೇಕು ಎಂಬುದು ಓದುಗರಿಗೆ ಹೆಚ್ಚು ಉಪಯುಕ್ತ. ನನ್ನ ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ: ಕಂಪ್ಯೂಟರ್ ಪರದೆಯ ಮೇಲೆ ತಿರುಗಿಸಿ ತೋರಿಸುವ ಚೆಂದದ ಮಾದರಿಯನ್ನು ಇಂದು ಯಾರು ಬೇಕಾದರೂ ಮಾಡಿಕೊಡುತ್ತಾರೆ, ಈ ಸಂಸ್ಥೆಗೆ ದುಡ್ಡು ಕೊಡಬಹುದಾದದ್ದು ಮಾದರಿಯ ಜತೆಗೆ ಅವರು ಕೊಡುವ ದೋಷ ವರದಿಯ ಕಾರಣಕ್ಕೆ.

ಕೆಲಸದ ತತ್ತ್ವ ತಿಳಿಯದೆ ಈ ವರದಿಯ ಬೆಲೆ ತಿಳಿಯುವುದಿಲ್ಲ. ಒಂದೇ ವಸ್ತುವನ್ನು ಬೇರೆ ಬೇರೆ ಜಾಗದಲ್ಲಿ ನಿಂತು ಫೋಟೋ ತೆಗೆದರೆ, ಅದರ ಮೇಲಿನ ಒಂದು ಬಿಂದು ಒಂದೊಂದು ಫೋಟೋದಲ್ಲಿ ಒಂದೊಂದು ಕಡೆ ಬೀಳುತ್ತದೆ. ಅಂಥ ಸಾವಿರಾರು ಬಿಂದುಗಳನ್ನು ಸಾಫ್ಟ್‌ವೇರ್ ಹುಡುಕಿ ಜೋಡಿಸಿ, ಪ್ರತಿ ಫೋಟೋ ತೆಗೆದಾಗ ಕ್ಯಾಮೆರಾ ಎಲ್ಲಿತ್ತು, ಯಾವ ಕಡೆಗೆ ತಿರುಗಿತ್ತು, ಮಸೂರದ ವಕ್ರತೆ ಎಷ್ಟು, ಬಿಂದುಗಳು ಎಲ್ಲಿವೆ ಎಂಬುದನ್ನೆಲ್ಲ ಒಟ್ಟಿಗೆ ಬಿಡಿಸುತ್ತದೆ. ಇದಕ್ಕೆ ಅಕ್ಕಪಕ್ಕದ ಫೋಟೋಗಳು ಒಂದರ ಮೇಲೊಂದು ಶೇಕಡಾ 70ರಿಂದ 80ರಷ್ಟು ಹಾಯ್ದಿರಬೇಕು. ಇಷ್ಟಾದರೂ ಸಿಗುವುದು ಆಕಾರ ಮಾತ್ರ, ಗಾತ್ರವಲ್ಲ. ಮೇಜಿನ ಮೇಲಿನ ಆಟಿಕೆಯ ಗುಡಿಯೂ ನಿಜವಾದ ಗುಡಿಯೂ ಒಂದೇ ಮಾದರಿಯನ್ನು ಕೊಡುತ್ತವೆ. ಗಾತ್ರ ಬರಬೇಕಾದರೆ ಅಳತೆ ಗೊತ್ತಿರುವ ಪಟ್ಟಿಯೊಂದನ್ನು ಫೋಟೋದಲ್ಲಿ ಇಡಬೇಕು, ಇಲ್ಲವೇ ನೆಲದ ಮೇಲೆ ಗುರುತು ಹಾಕಿ ಅವುಗಳ ಸ್ಥಾನವನ್ನು ಟೋಟಲ್ ಸ್ಟೇಷನ್‌ನಿಂದಲೋ (ಕೋನ, ದೂರ ಅಳೆಯುವ ಸರ್ವೆ ಉಪಕರಣ) ಸೆಂಟಿಮೀಟರ್ ಮಟ್ಟಕ್ಕೆ ಅಳೆಯುವ ಆರ್‌ಟಿಕೆ ಜಿಪಿಎಸ್‌ನಿಂದಲೋ ಬೇರೆಯಾಗಿ ಅಳೆಯಬೇಕು. ಈ ಗುರುತುಗಳೇ ಕಂಟ್ರೋಲ್ ಪಾಯಿಂಟ್‌ಗಳು. ಅವುಗಳಲ್ಲಿ ಕೆಲವನ್ನು ಲೆಕ್ಕದೊಳಗೆ ಸೇರಿಸದೆ ಪಕ್ಕಕ್ಕಿಟ್ಟು, ಕೊನೆಯಲ್ಲಿ ಮಾದರಿ ಅವುಗಳನ್ನು ಎಲ್ಲಿ ತೋರಿಸುತ್ತದೆ ಎಂದು ತಾಳೆ ನೋಡಿದರೆ ಅವು ಚೆಕ್ ಪಾಯಿಂಟ್‌ಗಳು. ಎಲ್ಲ ಗುರುತುಗಳನ್ನೂ ಲೆಕ್ಕಕ್ಕೆ ಸೇರಿಸಿ “ನಮ್ಮ ದೋಷ ಬರೀ ಅರ್ಧ ಸೆಂಟಿಮೀಟರ್” ಎಂದು ಹೇಳುವವರು ಬಹಳ ಮಂದಿ ಇದ್ದಾರೆ. ಲೆಕ್ಕವನ್ನು ಆ ಬಿಂದುಗಳಿಗೇ ಹೊಂದಿಸಿದ ಮೇಲೆ ಅವುಗಳ ಮೇಲೆ ದೋಷ ಕಡಿಮೆ ಕಾಣುವುದು ಸಹಜ, ಅದರಿಂದ ಏನೂ ಸಾಬೀತಾಗುವುದಿಲ್ಲ. ನಾನು ಹೇಳುತ್ತಿರುವ ಸಂಸ್ಥೆ ಯಾರೂ ಕೇಳದಿದ್ದರೂ ಚೆಕ್ ಪಾಯಿಂಟ್ ಇಡುತ್ತದೆ, ಅಡ್ಡ ಅಳತೆಯ ದೋಷವನ್ನೂ ಎತ್ತರದ ದೋಷವನ್ನೂ ಬೇರೆ ಬೇರೆಯಾಗಿ ಬರೆದು ಕೊಡುತ್ತದೆ. ಎತ್ತರದ ದೋಷ ಸಾಮಾನ್ಯವಾಗಿ ಅಡ್ಡ ದೋಷಕ್ಕಿಂತ ಹೆಚ್ಚಿರುತ್ತದೆ. ಎರಡೂ ಒಂದೇ ಎಂದು ಬರೆದ ವರದಿ ಕೈಗೆ ಬಂದರೆ ಸ್ವಲ್ಪ ಅನುಮಾನದಿಂದಲೇ ಓದಬೇಕು.

ಕ್ವಾರಿಯ ಕೆಲಸದಲ್ಲಿ ಈ ಎತ್ತರದ ದೋಷವೇ ದುಡ್ಡಿನ ಲೆಕ್ಕವಾಗುತ್ತದೆ. ಮಹಾರಾಷ್ಟ್ರದಲ್ಲಿ ಜಲ್ಲಿ, ಮುರುಮು, ಡಬ್ಬರ್ ಎಲ್ಲದರ ವ್ಯವಹಾರ ಬ್ರಾಸ್ ಲೆಕ್ಕದಲ್ಲಿ ನಡೆಯುತ್ತದೆ. ಒಂದು ಬ್ರಾಸ್ ಎಂದರೆ 100 ಘನ ಅಡಿ, ಅಂದರೆ 2.83 ಘನ ಮೀಟರ್. ಕಲಬುರಗಿಯಿಂದ ಬಂದು ಇಲ್ಲಿ ನೆಲೆಸಿದ ಗುತ್ತಿಗೆದಾರರೊಬ್ಬರಿಗೂ ಅವರ ಖರೀದಿದಾರನಿಗೂ ರಾಶಿಯ ಅಳತೆಯಲ್ಲಿ ತಕರಾರು ಬಂದಾಗ ಈ ತಂಡವನ್ನು ಕರೆಸಿದೆವು. ಟೇಪು ಹಿಡಿದು ಉದ್ದ, ಅಗಲ, ಸರಾಸರಿ ಎತ್ತರ ಗುಣಿಸುವ ಹಳೆಯ ಪದ್ಧತಿಯಲ್ಲಿ ಒಬ್ಬೊಬ್ಬರಿಗೆ ಒಂದೊಂದು ಅಂಕಿ ಬರುತ್ತಿತ್ತು. ರಾಶಿಯ ನೆತ್ತಿ ಎಲ್ಲಿ, ಇಳಿಜಾರು ಎಷ್ಟು ಎಂಬುದು ಟೇಪು ಹಿಡಿದವನ ಮರ್ಜಿ. ತಂಡದವರು ಸುಮಾರು 60 ಮೀಟರ್ ಎತ್ತರದಲ್ಲಿ ಡ್ರೋನ್ ಹಾರಿಸಿದರು. ಅವರು ಬಳಸುವ ಬಗೆಯ ಕ್ಯಾಮೆರಾದಲ್ಲಿ ಒಂದು ಪಿಕ್ಸೆಲ್‌ನ ಗಾತ್ರ 2.4 ಮೈಕ್ರಾನ್, ಮಸೂರದ ಸಂಗಮ ದೂರ 8.8 ಮಿ.ಮೀ.; ಹಾರುವ ಎತ್ತರವನ್ನು ಪಿಕ್ಸೆಲ್ ಗಾತ್ರದಿಂದ ಗುಣಿಸಿ ಸಂಗಮ ದೂರದಿಂದ ಭಾಗಿಸಿದರೆ ನೆಲದ ಮೇಲೆ ಒಂದು ಪಿಕ್ಸೆಲ್ ಎಷ್ಟು ಜಾಗ ಹಿಡಿಯುತ್ತದೆ ಎಂಬುದು ಬರುತ್ತದೆ. ಇಲ್ಲಿ ಅದು ಸುಮಾರು 1.6 ಸೆಂ.ಮೀ. ಜಲ್ಲಿ ರಾಶಿಗೆ ಇದು ಧಾರಾಳವಾಗಿ ಸಾಕು.

ಎತ್ತರದ ಲೆಕ್ಕದಲ್ಲಿ ಎಲ್ಲೆಡೆ 3 ಸೆಂ.ಮೀ. ತಪ್ಪು ಒಂದೇ ದಿಕ್ಕಿಗೆ ಬಿದ್ದರೆ 2,000 ಚದರ ಮೀಟರ್ ರಾಶಿಯ ಮೇಲೆ ಅದು 60 ಘನ ಮೀಟರ್ ಆಗುತ್ತದೆ. ಅಂದರೆ ಸುಮಾರು 21 ಬ್ರಾಸ್, 3 ಬ್ರಾಸ್ ಹಿಡಿಯುವ ಡಂಪರ್‌ಗಳಲ್ಲಿ ಏಳು ಡಂಪರ್ ಮಾಲು. ಇಂಥ ಒಂದೇ ದಿಕ್ಕಿನ ತಪ್ಪು ಬರುವುದಕ್ಕೆ ಒಂದು ಸಾಮಾನ್ಯ ಕಾರಣವಿದೆ. ಕ್ಯಾಮೆರಾವನ್ನು ನೇರವಾಗಿ ಕೆಳಗೆ ತಿರುಗಿಸಿ, ಸಮಾನಾಂತರ ಸಾಲುಗಳಲ್ಲಿ ಮಾತ್ರ ಹಾರಿಸಿದರೆ, ಮಸೂರದ ವಕ್ರತೆಯ ಅಂದಾಜಿನಲ್ಲಿ ಉಳಿದ ಸಣ್ಣ ತಪ್ಪು ಇಡೀ ನೆಲವನ್ನು ಮಧ್ಯದಲ್ಲಿ ಉಬ್ಬಿಸಿಯೋ ತಗ್ಗಿಸಿಯೋ ತೋರಿಸುತ್ತದೆ. ಅಂಚಿನಲ್ಲಿ ಮಾತ್ರ ಗುರುತು ಹಾಕಿದವರಿಗೆ ಇದು ಗೊತ್ತೇ ಆಗುವುದಿಲ್ಲ. ಈ ತಂಡ ಓರೆಯಾಗಿಯೂ ಒಂದು ಸುತ್ತು ಫೋಟೋ ತೆಗೆಯಿತು, ರಾಶಿಗಳ ನಡುವಿನ ಖಾಲಿ ನೆಲದಲ್ಲೂ ಕಪ್ಪು ಬಿಳುಪಿನ ಹಾಳೆಗಳನ್ನು ಮೊಳೆ ಹೊಡೆದು ಕೂರಿಸಿತು. ಹಾಳೆಯ ಮೇಲೆ ಗಳಿಗೆಗೊಮ್ಮೆ ಕ್ರಷರ್ ಧೂಳು ಕೂರುತ್ತಿದ್ದುದರಿಂದ ಹುಡುಗನೊಬ್ಬ ಕುಂಚ ಹಿಡಿದು ಅದನ್ನು ಗುಡಿಸುತ್ತಲೇ ಇದ್ದ. ಕೆಲಸದ ಮೇಲಿನ ಶ್ರದ್ಧೆ ಇಂಥಲ್ಲಿ ಕಾಣುತ್ತದೆ.

ಆದರೆ ಆ ದಿನದ ಅತ್ಯುತ್ತಮ ಪ್ರಶ್ನೆ ಬಂದದ್ದು ಗುತ್ತಿಗೆದಾರರಿಂದ. “ಸಾಹೇಬ್ರ, ರಾಶಿ ತೆಳಗ ನೆಲಾ ಹ್ಯಾಂಗದ ಅಂತ ಆ ಡ್ರೋನಿಗಿ ಹ್ಯಾಂಗ ಗೊತ್ತು?” ಎಂದು ಅವರು ಕೇಳಿದರು. ಗೊತ್ತಿಲ್ಲ, ಅದೇ ಉತ್ತರ. ರಾಶಿಯ ಬುಡದ ಸುತ್ತ ಗೆರೆ ಎಳೆದು, ಒಳಗಿನ ನೆಲ ಆ ಗೆರೆಗೆ ಹೊಂದಿಕೊಂಡು ಸಪಾಟಾಗಿದೆ ಎಂದು ಸಾಫ್ಟ್‌ವೇರ್ ಭಾವಿಸಿಕೊಳ್ಳುತ್ತದೆ. ಕೆಳಗೆ ಹಳೆಯ ಗುಂಡಿಯಿದ್ದರೆ ಮಾಲು ಕಡಿಮೆ ಲೆಕ್ಕಕ್ಕೆ ಬರುತ್ತದೆ, ದಿಬ್ಬವಿದ್ದರೆ ಹೆಚ್ಚು ಬರುತ್ತದೆ. ಇದಕ್ಕೆ ಸರಿಯಾದ ಪರಿಹಾರ ರಾಶಿ ಹಾಕುವ ಮೊದಲೇ ಖಾಲಿ ನೆಲವನ್ನು ಒಮ್ಮೆ ಅಳೆದಿಡುವುದು. ಸಂಸ್ಥೆ ಈ ಮಿತಿಯನ್ನು ವರದಿಯಲ್ಲಿ ಸ್ಪಷ್ಟವಾಗಿ ಬರೆದಿತ್ತು. ಬುಡದ ಗೆರೆಯನ್ನು ಎರಡು ರೀತಿಯಲ್ಲಿ ಎಳೆದು ಎರಡೂ ಅಂಕಿಗಳನ್ನು ಕೊಟ್ಟಿತ್ತು. ಇಬ್ಬರೂ ಆ ಎರಡು ಅಂಕಿಗಳ ನಡುವೆ ಒಪ್ಪಿಕೊಂಡರು. ಅಂದಿನಿಂದ ಗುತ್ತಿಗೆದಾರರು ಹೊಸ ಅಂಗಳಕ್ಕೆ ಮಾಲು ಹಾಕುವ ಮೊದಲು ಖಾಲಿ ನೆಲದ ಸರ್ವೆ ಮಾಡಿಸುತ್ತಾರೆ. ಈ ಬಗೆಯ ಕೆಲಸಕ್ಕೆ ಈ ಸಂಸ್ಥೆಯನ್ನು ನಾನು ಕಣ್ಣು ಮುಚ್ಚಿ ಶಿಫಾರಸು ಮಾಡುತ್ತೇನೆ.

ವಾಡೆಯ ವಿಷಯದಲ್ಲಿ ಹಾಗೆ ಕಣ್ಣು ಮುಚ್ಚಲಾರೆ. ನಗರದ ಹಳೆಯ ಪೇಠೆಯಲ್ಲಿ ಪರಿಚಿತ ಕುಟುಂಬವೊಂದಕ್ಕೆ ಸೇರಿದ ಈ ವಾಡೆ ಪುನರಾಭಿವೃದ್ಧಿಗೆ ಹೋಗುವುದು ಬಹುಮಟ್ಟಿಗೆ ಖಚಿತವಾಗಿತ್ತು. ಕೆಡವುವ ಮೊದಲು ಅದನ್ನು ಪೂರ್ತಿ ದಾಖಲಿಸಬೇಕು, ಸಾಧ್ಯವಾದರೆ ಕೆತ್ತನೆಯ ಕಂಬಗಳನ್ನೂ ಕಮಾನುಗಳನ್ನೂ ಬಿಚ್ಚಿ ಬೇರೆಡೆ ಕೂರಿಸಬೇಕು ಎಂಬುದು ಮನೆಯವರ ಆಸೆ. ಕಲ್ಲಿನ ಜಗತಿ, ಸಾಗುವಾನಿಯ ಚೌಕಟ್ಟು, ನಡುವೆ ಚೌಕ, ಹೆಬ್ಬಾಗಿಲಿನೊಳಗೊಂದು ಬಗ್ಗಿ ಹೋಗಬೇಕಾದ ದಿಂಡಿ ದರವಾಜಾ, ಮಹಡಿಯಲ್ಲಿ ಸುರು ಮರದ ಆಕಾರದಲ್ಲಿ ಕಡೆದ ಕಂಬಗಳ ದಿವಾಣಖಾನೆ. ಇಂಥ ಕಟ್ಟಡದ ಮೇಲೆ ಹತ್ತದೆ ಅಳೆಯುವ ಆಸೆಯಿಂದಲೇ ಈ ವಿದ್ಯೆ ಹುಟ್ಟಿದ್ದು ಎಂಬುದು ಗಮನಿಸಬೇಕಾದ ಸಂಗತಿ. ಆಲ್ಬ್ರೆಕ್ಟ್ ಮೇಡೆನ್‌ಬಾವರ್ ಎಂಬ ಜರ್ಮನ್ ವಾಸ್ತುಶಿಲ್ಪಿ 1858ರಲ್ಲಿ ವೆಟ್ಸ್‌ಲಾರ್‌ನ ಇಗರ್ಜಿಯನ್ನು ಅಳೆಯುವಾಗ ಮೇಲಿನಿಂದ ಬೀಳುವುದರಿಂದ ಕೂದಲೆಳೆಯಲ್ಲಿ ಪಾರಾದ. ಆಮೇಲೆ ಫೋಟೋದಿಂದಲೇ ಅಳತೆ ತೆಗೆಯುವ ದಾರಿ ಹುಡುಕಿ, 1885ರಲ್ಲಿ ಪ್ರಷ್ಯಾದಲ್ಲಿ ಸ್ಮಾರಕಗಳ ದಾಖಲೆಗೆಂದೇ ಒಂದು ಸಂಸ್ಥೆಯನ್ನು ಕಟ್ಟಿದ. ಫ್ರಾನ್ಸಿನಲ್ಲಿ ಎಮೆ ಲೋಸೆಡಾ ಎಂಬ ಸೇನಾಧಿಕಾರಿ ಅದೇ ಹೊತ್ತಿಗೆ ಭೂಪಟಕ್ಕಾಗಿ ಇಂಥದೇ ಪ್ರಯೋಗಗಳಲ್ಲಿ ತೊಡಗಿದ್ದ.

ವಾಡೆಯೊಳಗೆ ಕ್ಯಾಮೆರಾಕ್ಕೆ ಶತ್ರುಗಳು ಹಲವರು. ಸುಣ್ಣ ಬಳಿದ ಬೋಳು ಗೋಡೆಯಲ್ಲಿ ಸಾಫ್ಟ್‌ವೇರ್‌ಗೆ ಗುರುತು ಹಿಡಿಯಲು ಏನೂ ಇರುವುದಿಲ್ಲ. ತಂಡದವರು ಚುಕ್ಕೆಗಳ ವಿನ್ಯಾಸ ಮುದ್ರಿಸಿದ ಹಾಳೆಗಳನ್ನು ಗೋಡೆಯ ತುಂಬ ಅಂಟಿಸಿದರು. ಎಣ್ಣೆ ಬಣ್ಣ ಹೊಡೆದ ಬಾಗಿಲು, ಒರೆಸಿ ಒರೆಸಿ ನುಣುಪಾದ ಶಹಾಬಾದಿ ಫರ್ಶಿ (ಮಹಾರಾಷ್ಟ್ರದ ಮನೆಮನೆಯ ನೆಲಕ್ಕೂ ನಮ್ಮ ಕಲಬುರಗಿ ಜಿಲ್ಲೆಯ ಕಲ್ಲೇ ಬೇಕು) ಬೆಳಕನ್ನು ತಿರುಗಿಸಿ ಹೊಡೆಯುತ್ತವೆ, ಮತ್ತು ಹೊಳಪು ಕ್ಯಾಮೆರಾ ಸರಿದಂತೆ ತಾನೂ ಸರಿಯುವುದರಿಂದ ಬಿಂದುಗಳು ತಾಳೆಯಾಗುವುದಿಲ್ಲ. ಅದಕ್ಕೆ ಹೊಳಪು ತಗ್ಗಿಸುವ ಪೋಲರೈಸಿಂಗ್ ಫಿಲ್ಟರ್ ಹಾಕಿದರು. ಕತ್ತಲೆ ಮೂಲೆಗಳಲ್ಲಿ ಟ್ರೈಪಾಡ್ ಮೇಲೆ ಕ್ಯಾಮೆರಾ ನಿಲ್ಲಿಸಿ, ಫ್ಲ್ಯಾಶ್ ಬಳಸದೆ ನಿಧಾನವಾಗಿ ತೆಗೆದರು. ಚೌಕದ ಮೇಲಿನ ಮಾಡು ಬೇಕಿತ್ತು, ಅದಕ್ಕೆ ಡ್ರೋನ್ ಹಾರಿಸಿ ಎಂದು ಮನೆಯವರು ಒತ್ತಾಯಿಸಿದರೂ ತಂಡ ಒಪ್ಪಲಿಲ್ಲ. ಲೋಹಗಾಂವ್‌ನ ವಿಮಾನ ನಿಲ್ದಾಣ ವಾಯುಸೇನೆಯದು. 2021ರ ಡ್ರೋನ್ ನಿಯಮಗಳ ಪ್ರಕಾರ ವಿಮಾನ ನಿಲ್ದಾಣದ ಗಡಿಯಿಂದ 8ರಿಂದ 12 ಕಿ.ಮೀ. ನಡುವಿನ ಪ್ರದೇಶದಲ್ಲೂ 200 ಅಡಿಯವರೆಗೆ ಮಾತ್ರ ಹಸಿರು ವಲಯ (ಅನುಮತಿ ಕೇಳದೆ ಹಾರಿಸಬಹುದಾದದ್ದು), ಅದಕ್ಕಿಂತ ಹತ್ತಿರದಲ್ಲಿ ಅನುಮತಿಯಿಲ್ಲದೆ ಹಾರಿಸುವಂತಿಲ್ಲ. ಇಕ್ಕಟ್ಟಾದ ಪೇಠೆಯಲ್ಲಿ ಕೆಳಗೆ ಜನರಿರುವ ಪ್ರಶ್ನೆ ಬೇರೆ. ಉದ್ದನೆಯ ಕೋಲಿನ ತುದಿಗೆ ಕ್ಯಾಮೆರಾ ಕಟ್ಟಿ, ಎದುರು ಮನೆಯ ಗಚ್ಚಿನಿಂದ ಅವರು ಮಾಡಿನ ಫೋಟೋ ತೆಗೆದರು. “ಯಾರು ನೋಡ್ತಾರೆ, ಎರಡು ನಿಮಿಷ ಹಾರಿಸಿ ಇಳಿಸೋಣ” ಎನ್ನುವವರನ್ನು ಈ ಊರಿನಲ್ಲಿ ನಾನು ಸಾಕಷ್ಟು ಕಂಡಿದ್ದೇನೆ. ಆದ್ದರಿಂದ ಈ ನಿರಾಕರಣೆಗೆ ಪೂರ್ಣ ಅಂಕ.

ತೊಡಕು ಶುರುವಾದದ್ದು ಕಚೇರಿಯಲ್ಲಿ. ಮೊದಲ ಕಂತಿನ ಮಾದರಿಯಲ್ಲಿ ಮೆಟ್ಟಿಲ ಕೆಳಗಿನ ಕತ್ತಲೆ ಜಾಗ ನಯವಾಗಿ, ಸಂದಿಲ್ಲದೆ ತುಂಬಿಕೊಂಡಿತ್ತು. ಅಲ್ಲಿ ನಿಜವಾಗಿ ಒಂದು ಗೂಡು ಇದೆ. ಫೋಟೋ ಸಿಗದ ಕಡೆ ಸುತ್ತಲಿನ ಮೇಲ್ಮೈಯನ್ನು ಎಳೆದು ರಂಧ್ರ ಮುಚ್ಚುವ ಆಯ್ಕೆ ಇಂಥ ಬಹುತೇಕ ಸಾಫ್ಟ್‌ವೇರ್‌ಗಳಲ್ಲಿ ಇರುತ್ತದೆ. ಅದನ್ನು ಹಾಗೆಯೇ ಬಿಟ್ಟಿದ್ದರು. ಕ್ಯಾಮೆರಾ ಹಿಡಿದಿದ್ದ ವಿಜಯಪುರದ ಹುಡುಗನಿಗೆ ಇದು ಅಂದೇ ಗೊತ್ತಿತ್ತು. ಲ್ಯಾಪ್‌ಟಾಪ್ ತೋರಿಸುವಾಗ “ಸರ್, ಈ ಮೂಲಿ ನಂಬಬ್ಯಾಡ್ರಿ, ಇಲ್ಲಿ ಫೋಟೋ ಬಂದಿಲ್ಲ, ಸಾಫ್ಟ್‌ವೇರ್ ತಾನ ತುಂಬ್ಯದ” ಎಂದು ಅವನೇ ಹೇಳಿದ. ಆದರೆ ಅವನ ಮಾತು ವರದಿಯ ಹಾಳೆಗೆ ಇಳಿದಿರಲಿಲ್ಲ. ಮಾದರಿ ನೋಡುವ ಮುಂದಿನವನಿಗೆ ಅಲ್ಲಿ ಸಪಾಟಾದ ಗೋಡೆಯೇ ಇತ್ತೆಂದು ತೋರುತ್ತದೆ. ದಾಖಲೆಯ ಕೆಲಸದಲ್ಲಿ ಖಾಲಿ ಬಿಟ್ಟ ರಂಧ್ರಕ್ಕಿಂತ ತುಂಬಿದ ರಂಧ್ರ ಕೆಟ್ಟದ್ದು.

ಇದಕ್ಕಿಂತ ಗಂಭೀರವಾದದ್ದು ನಕ್ಷೆಗಳ ಕತೆ. ಮಾದರಿಯಿಂದ ಪ್ರತಿ ಗೋಡೆಯ ಆರ್ಥೋಫೋಟೋ ತೆಗೆಯುತ್ತಾರೆ. ಅಂದರೆ ದೂರ ಹತ್ತಿರದ ವಕ್ರತೆ ತೆಗೆದುಹಾಕಿ, ಎಲ್ಲ ಕಡೆ ಒಂದೇ ಪ್ರಮಾಣದಲ್ಲಿ ಅಳೆಯಬಹುದಾದ ಚಿತ್ರ. ಅದರ ಮೇಲೆ ಡ್ರಾಫ್ಟ್ಸ್‌ಮನ್ ಆಟೋಕ್ಯಾಡ್‌ನಲ್ಲಿ ಗೆರೆ ಎಳೆಯುತ್ತಾನೆ. ದಿವಾಣಖಾನೆಯ ಒಂದು ಕಂಬ ರಸ್ತೆಯ ಕಡೆಗೆ ವಾಲಿದೆ. ಪಾಯಿಂಟ್ ಕ್ಲೌಡ್‌ನಲ್ಲಿ (ಫೋಟೋಗಳಿಂದ ಲೆಕ್ಕ ಹಾಕಿದ ಬಿಂದುಗಳ ಸಮೂಹ) ಕಂಬದ ತುದಿ ಬುಡಕ್ಕಿಂತ 6 ಸೆಂ.ಮೀ. ಹೊರಗಿರುವುದು ಸ್ಪಷ್ಟವಾಗಿ ಕಾಣುತ್ತಿತ್ತು. ನಕ್ಷೆಯಲ್ಲಿ ಮಾತ್ರ ಕಂಬ ಕಡ್ಡಿಯಂತೆ ನೆಟ್ಟಗೆ ನಿಂತಿತ್ತು, ಅದರ ಮೇಲಿನ ತೊಲೆಯೂ ಮಟ್ಟವಾಗಿತ್ತು. ಹೊಸ ಕಟ್ಟಡಗಳ ನಕ್ಷೆ ಬರೆದು ಕೈ ಪಳಗಿದವರು ಗೆರೆಯನ್ನು ತಾವಾಗಿಯೇ ನೆಟ್ಟಗೆ ಮಾಡಿಬಿಡುತ್ತಾರೆ, ಕೆಟ್ಟ ಉದ್ದೇಶ ಏನೂ ಇಲ್ಲ. ಆದರೆ ವಾಲಿದ ಕಂಬವೇ ಆ ಕಟ್ಟಡದ ಬಗ್ಗೆ ನನಗೆ ಬೇಕಾಗಿದ್ದ ಮುಖ್ಯ ಮಾಹಿತಿ. ಬಿಚ್ಚುವಾಗ ಯಾವ ಕಡೆ ಆಸರೆ ಕೊಡಬೇಕು ಎಂಬುದು ಅದರಿಂದಲೇ ತಿಳಿಯಬೇಕು. ತಿಳಿಸಿದ ಮೇಲೆ ಹೆಚ್ಚುವರಿ ಹಣ ಕೇಳದೆ ಎಲ್ಲ ನಕ್ಷೆಗಳನ್ನೂ ತಿದ್ದಿಕೊಟ್ಟರು, ಆದರೆ ಅದಕ್ಕೆ ಹಿಡಿದ ಸಮಯ ಮೊದಲ ಕೆಲಸಕ್ಕೆ ಹಿಡಿದಷ್ಟೇ. ನನ್ನ ಸಲಹೆ: ಹಳೆಯ ಕಟ್ಟಡದ ನಕ್ಷೆ ಕೈಗೆ ಬಂದ ಕೂಡಲೇ ಅದರಲ್ಲಿ ಎಲ್ಲ ಮೂಲೆಗಳೂ ಸರಿಯಾಗಿ 90 ಡಿಗ್ರಿ ಇವೆಯೇ ನೋಡಿ. ಇದ್ದರೆ ವಾಪಸ್ ಕಳಿಸಿ.

ಇನ್ನೊಂದು ದೂರು ಮೂಲ ಫೋಟೋಗಳದು. ಸಂಸ್ಥೆ ಮಾದರಿಯನ್ನೂ ಆರ್ಥೋಫೋಟೋಗಳನ್ನೂ ಒಂದು ಲಿಂಕ್ ಮೂಲಕ ಕಳಿಸಿತು, ಕೆಲವು ವಾರಗಳಲ್ಲಿ ಆ ಲಿಂಕ್ ಸತ್ತುಹೋಯಿತು. ಮೂಲ ಫೋಟೋಗಳನ್ನು ಕೇಳಿದಾಗ ಮಾತ್ರ ಹಾರ್ಡ್ ಡಿಸ್ಕ್‌ನಲ್ಲಿ ಹಾಕಿಕೊಟ್ಟರು. ಅವು ಗ್ರಾಹಕನಿಗೆ ಸೇರಬೇಕು ಎಂಬುದು ಕರಾರಿನಲ್ಲೇ ಇರಬೇಕಾದ ಮಾತು. ಬಾಮಿಯಾನ್‌ನ ಬುದ್ಧ ವಿಗ್ರಹಗಳನ್ನು 2001ರ ಮಾರ್ಚ್‌ನಲ್ಲಿ ಸಿಡಿಸಿ ನಾಶ ಮಾಡಿದಾಗ, ದೊಡ್ಡ ವಿಗ್ರಹವನ್ನು ಕಂಪ್ಯೂಟರ್‌ನಲ್ಲಿ ನಿಖರವಾಗಿ ಮರಳಿ ಕಟ್ಟಲು ಜ್ಯೂರಿಕ್‌ನ ತಜ್ಞರಿಗೆ ನೆರವಾದದ್ದು 1970ರಲ್ಲಿ ಆಸ್ಟ್ರಿಯಾದ ಪ್ರಾಧ್ಯಾಪಕ ಕೋಸ್ತ್ಕಾ ಅಳತೆಯ ಕ್ಯಾಮೆರಾದಿಂದ ತೆಗೆದಿಟ್ಟಿದ್ದ ಫೋಟೋಗಳು. ಅಂದಿನ ಲೆಕ್ಕದ ಉಪಕರಣಗಳೆಲ್ಲ ಮೂಲೆ ಸೇರಿದ್ದವು, ಫೋಟೋಗಳು ಮಾತ್ರ ಕೆಲಸಕ್ಕೆ ಬಂದವು. ನಮ್ಮ ವಾಡೆಯ ಮಾದರಿಯೂ ಹತ್ತು ವರ್ಷದಲ್ಲಿ ಹಳತಾಗುತ್ತದೆ. ಅದೇ ಫೋಟೋಗಳಿಂದ ಮುಂದಿನ ಸಾಫ್ಟ್‌ವೇರ್ ಇನ್ನೂ ಒಳ್ಳೆಯ ಮಾದರಿ ತೆಗೆದುಕೊಡಬಹುದು.

ಶಾಸನದ ಕಲ್ಲು ಮೂರರಲ್ಲಿ ಚಿಕ್ಕ ಕೆಲಸ, ಆದರೆ ನನಗೆ ಹೆಚ್ಚು ಸಂತೋಷ ಕೊಟ್ಟದ್ದು. ಸೋಲಾಪುರದ ಸೀಮೆಯಲ್ಲಿ ಕಲ್ಯಾಣದ ಚಾಲುಕ್ಯರ ಕಾಲದ ಕನ್ನಡ ಶಾಸನಗಳು ಸಾಕಷ್ಟಿವೆ. ಪುಣೆಯಲ್ಲಿ ನೆಲೆಸಿರುವ ನಿವೃತ್ತ ಪ್ರಾಧ್ಯಾಪಕರೊಬ್ಬರು ಗುಡಿಯ ಹೊರಗೆ ಒರಗಿಸಿಟ್ಟ ಒಂದು ಸವೆದ ಕಲ್ಲನ್ನು ಓದಲು ಬಯಸಿದ್ದರು. ಒದ್ದೆ ಕಾಗದವನ್ನು ಕಲ್ಲಿಗೆ ಒತ್ತಿ, ಮಸಿ ಹಚ್ಚಿ ಪಡಿಯಚ್ಚು ತೆಗೆಯುವುದು ಹಳೆಯ ಪದ್ಧತಿ, ಇಂದಿಗೂ ಅದು ಒಳ್ಳೆಯದೇ. ಆದರೆ ಪುಡಿಯಾಗುತ್ತಿರುವ ಕಲ್ಲಿಗೆ ಅದು ಆಗಿಬರುವುದಿಲ್ಲ. ತಂಡ ಕಲ್ಲಿನ ಪಕ್ಕ ಅಳತೆ ಪಟ್ಟಿ ಇಟ್ಟು, ಒಂದು ಪಿಕ್ಸೆಲ್ ಮಿಲಿಮೀಟರ್‌ನ ಹತ್ತನೇ ಒಂದು ಭಾಗದಷ್ಟು ಬರುವಂತೆ ಹತ್ತಿರದಿಂದ ಫೋಟೋ ತೆಗೆಯಿತು. ಕಚೇರಿಯಲ್ಲಿ ಮಾದರಿಯ ಬಣ್ಣವನ್ನು ಪೂರ್ತಿ ತೆಗೆದುಹಾಕಿ, ಬೂದು ಮೇಲ್ಮೈಯ ಮೇಲೆ ಓರೆಯಾದ ಕೃತಕ ಬೆಳಕನ್ನು ಎಡದಿಂದ ಬಲಕ್ಕೆ ಮೆಲ್ಲಗೆ ಸರಿಸಿದಾಗ, ಪಾಚಿಯ ಕಲೆಗಳ ನಡುವೆ ಕಣ್ಣಿಗೆ ಸಿಗದ ಅಕ್ಷರಗಳ ತಲೆಕಟ್ಟುಗಳು ಒಂದೊಂದಾಗಿ ನೆರಳು ಚೆಲ್ಲಿ ಎದ್ದವು. ಪ್ರಾಧ್ಯಾಪಕರು ಪರದೆಗೆ ಮೂಗು ತಾಗಿಸಿಕೊಂಡು ಕೂತುಬಿಟ್ಟರು. ಕಲ್ಲಿನ ಮೇಲ್ಭಾಗಕ್ಕೆ ಊರಿನವರು ವರ್ಷಗಳಿಂದ ಶೇಂದೂರ (ಸಿಂಧೂರ) ಮೆತ್ತಿದ್ದರು. ಅಲ್ಲಿ ಪದರು ಅಕ್ಷರದ ಆಳಕ್ಕಿಂತ ದಪ್ಪವಾಗಿದ್ದುದರಿಂದ ಏನೂ ದಕ್ಕಲಿಲ್ಲ. ಕ್ಯಾಮೆರಾ ಕಂಡದ್ದನ್ನು ಮಾತ್ರ ಅಳೆಯುತ್ತದೆ. ಬೆಂಗಳೂರಿನಲ್ಲಿ ಮಿಥಿಕ್ ಸೊಸೈಟಿ ಆ ಊರಿನ ಶಾಸನಗಳನ್ನು ಸ್ಕ್ಯಾನರ್‌ನಿಂದ ಮೂರು ಆಯಾಮದಲ್ಲಿ ದಾಖಲಿಸುತ್ತಿದೆ. ಅಂಥ ಸ್ಕ್ಯಾನರ್ ದುಬಾರಿ, ಫೋಟೋದ ದಾರಿ ಅಗ್ಗ, ಮತ್ತು ಶಾಸನ ಓದುವ ಮಟ್ಟಿಗೆ ನನಗೆ ಕೊರತೆ ಕಾಣಲಿಲ್ಲ. ಗೋವಾದಲ್ಲಿ ಕುಶಾವತಿ ನದಿಯ ದಂಡೆಯ ಉಸಗಾಳಿಮಳದ ಜಂಬಿಟ್ಟಿಗೆಯ ಹಾಸಿನ ಮೇಲೆ ಕೊರೆದ ಪ್ರಾಗೈತಿಹಾಸಿಕ ಚಿತ್ರಗಳಂಥ, ಅಗಲವಾಗಿ ಹರಡಿದ ತೆಳು ಕೊರೆತಕ್ಕೂ ಈ ವಿಧಾನ ಹೇಳಿ ಮಾಡಿಸಿದಂತಿದೆ. ಸಂರಕ್ಷಿತ ಸ್ಮಾರಕವಾದರೆ ಇಲಾಖೆಯ ಅನುಮತಿ ಮೊದಲು ಬೇಕು.

ಸಂಸ್ಥೆಯ ಕರಪತ್ರದಲ್ಲಿ ಇವಲ್ಲದೆ ಕೃಷಿ, ವೈದ್ಯಕೀಯ, ಪೊಲೀಸ್ ತನಿಖೆ, ಸಿನಿಮಾ ಎಂದೆಲ್ಲ ಪಟ್ಟಿ ಇದೆ. ಫೋಟೋಗ್ರಾಮೆಟ್ರಿ ಈ ಎಲ್ಲ ಕ್ಷೇತ್ರಗಳಲ್ಲೂ ಬಳಕೆಯಲ್ಲಿರುವುದು ನಿಜ, ಆದರೆ ಇವರೇ ಎಲ್ಲವನ್ನೂ ಮಾಡುತ್ತಾರೆ ಎಂಬುದು ನಿಜವಲ್ಲ. ದವಡೆಯ ತುಂಬ ಹಲವು ಇಂಪ್ಲಾಂಟ್ ಕೂರಿಸಿದಾಗ ಅವುಗಳ ಪರಸ್ಪರ ಸ್ಥಾನ ಹಿಡಿಯಲು ದಂತವೈದ್ಯರು ಬಳಸುವ ಫೋಟೋಗ್ರಾಮೆಟ್ರಿ ಉಪಕರಣ ಬೇರೆಯೇ, ಅದರ ನಿಖರತೆಯ ಲೆಕ್ಕ ಮೈಕ್ರಾನ್‌ಗಳಲ್ಲಿ. ಸಿನಿಮಾ ಮತ್ತು ಗೇಮ್‌ಗಳಿಗೆ ನಟನ ಮುಖ ತೆಗೆಯಬೇಕಾದರೆ ಹತ್ತಾರು ಕ್ಯಾಮೆರಾಗಳು ಒಂದೇ ಕ್ಷಣಕ್ಕೆ ಕ್ಲಿಕ್ಕಿಸಬೇಕು, ಏಕೆಂದರೆ ಮನುಷ್ಯ ಕಲ್ಲಿನ ಹಾಗೆ ನಿಲ್ಲುವುದಿಲ್ಲ. ಬೆಳೆದು ನಿಂತ ಕಬ್ಬಿನ ಗದ್ದೆ ಗಾಳಿಗೆ ಆಡುವುದರಿಂದ ಎತ್ತರದ ಅಳತೆ ನಂಬಿಕೆಗೆ ಅರ್ಹವಲ್ಲ. ಬೆಳೆಯ ಆರೋಗ್ಯ ನೋಡಲು ಬೇರೆ ತರಂಗಗಳ ಕ್ಯಾಮೆರಾ ಬೇಕು, ಅದು ಇವರ ಬಳಿ ಇಲ್ಲ. ಅಪಘಾತದ ಜಾಗದಲ್ಲಿ ಟೈರಿನ ಗೆರೆ, ವಾಹನ ನಿಂತ ಕೋನಗಳನ್ನು ಮಳೆ ತೊಳೆಯುವ ಮೊದಲೇ ಹಿಡಿದಿಡುವುದಕ್ಕೆ ಮಾತ್ರ ಇವರ ಸಲಕರಣೆ ಸಾಕೆನಿಸುತ್ತದೆ. ಮುಳಶಿ ಕಡೆಯ ಕಾಡಿನ ಇಳಿಜಾರಿನಲ್ಲಿ ಮಣ್ಣು ಸರಿಯುತ್ತಿದೆಯೇ ನೋಡಬೇಕೆಂದು ನಾನು ಕೇಳಿದಾಗ, ಮರಗಿಡ ಮುಚ್ಚಿದ ನೆಲ ಫೋಟೋಗೆ ಕಾಣುವುದಿಲ್ಲ, ಲೇಸರ್ ಕಿರಣ ಬಿಟ್ಟು ಎಲೆಗಳ ಸಂದಿನಿಂದ ನೆಲ ಮುಟ್ಟುವ ಲೈಡಾರ್ ಬೇಕು ಎಂದು ಹೇಳಿ ಕೆಲಸ ಬಿಟ್ಟುಕೊಟ್ಟರು. ಕರಪತ್ರ ಬರೆದವರಿಗಿಂತ ಸರ್ವೆ ಮಾಡುವವರು ಪ್ರಾಮಾಣಿಕರು.

ಜಮೀನಿನ ಗಡಿಯ ಬಗ್ಗೆ ಒಂದು ಎಚ್ಚರಿಕೆ. 2020ರ ಏಪ್ರಿಲ್ 24ರಂದು ಆರಂಭವಾದ ಸ್ವಾಮಿತ್ವ ಯೋಜನೆಯಲ್ಲಿ ಸರ್ವೆ ಆಫ್ ಇಂಡಿಯಾ ಡ್ರೋನ್ ಹಾರಿಸಿ ಹಳ್ಳಿಗಳ ಗಾವಠಾಣದ (ಊರೊಳಗಿನ ವಸತಿ ಜಾಗ) ಮನೆಗಳಿಗೆ ಆಸ್ತಿ ಕಾರ್ಡ್ ಕೊಡಲು ನಕ್ಷೆ ಮಾಡುತ್ತಿರುವುದನ್ನು ಮಹಾರಾಷ್ಟ್ರದಲ್ಲೂ ಕರ್ನಾಟಕದಲ್ಲೂ ಜನ ಕಂಡಿದ್ದಾರೆ. ಹಾಗಾಗಿ ಖಾಸಗಿ ಸಂಸ್ಥೆಯ ಡ್ರೋನ್ ನಕ್ಷೆಯೂ ಗಡಿ ಜಗಳಕ್ಕೆ ಪುರಾವೆ ಎಂದು ಭಾವಿಸುವವರಿದ್ದಾರೆ. ಸಾತ್‌ಬಾರಾ ಉತಾರೆಯ ಗಡಿ ತೀರ್ಮಾನಕ್ಕೆ ಭೂಮಿ ಅಭಿಲೇಖ ಇಲಾಖೆಯ ಮೋಜಣಿಯೇ ಬೇಕು, ನಮ್ಮ ಕಡೆ ಪಹಣಿಯ ಜಮೀನಿಗೆ ಸರ್ಕಾರಿ ಸರ್ವೆಯರ್ ಬೇಕಾದ ಹಾಗೆ. ಡ್ರೋನ್ ನೋಡುವುದು ಬೇಲಿಯನ್ನು, ಹಕ್ಕನ್ನಲ್ಲ. ಸಂಸ್ಥೆ ತನ್ನ ನಕ್ಷೆಯ ಕೆಳಗೆ ಇದನ್ನು ಸಣ್ಣ ಅಕ್ಷರದಲ್ಲಿ ಮುದ್ರಿಸುತ್ತದೆ. ದೊಡ್ಡ ಅಕ್ಷರದಲ್ಲಿ ಮುದ್ರಿಸಬೇಕು.

ದರದ ವಿಷಯ. ಕ್ವಾರಿಗೆ ದಿನದ ಲೆಕ್ಕ, ಕಟ್ಟಡಕ್ಕೆ ಚದರ ಅಡಿಯ ಲೆಕ್ಕ, ಮೇಲೆ ಶೇಕಡಾ 18 ಜಿಎಸ್‌ಟಿ. ವಾಡೆಯ ಕೆಲಸಕ್ಕೆ ಟೋಟಲ್ ಸ್ಟೇಷನ್ ತಂಡದ ಸುಮಾರು ಒಂದೂವರೆ ಪಟ್ಟು ಬಿತ್ತು. ಕೇವಲ ಕೋಣೆಗಳ ಅಳತೆ ಬೇಕಾದವರು ಇಷ್ಟು ಖರ್ಚು ಮಾಡಬೇಕಾಗಿಲ್ಲ, ಲೇಸರ್ ಅಳತೆಯ ಸಾಧನ ಹಿಡಿದ ಒಬ್ಬ ಒಳ್ಳೆಯ ಡ್ರಾಫ್ಟ್ಸ್‌ಮನ್ ಸಾಕು. ಕೆತ್ತನೆ, ಬಿರುಕು, ವಾಲುವಿಕೆ ಬೇಕಾದವರಿಗೆ ಮಾತ್ರ ಈ ದರ ನ್ಯಾಯವಾದದ್ದು. ಮೂರ್ತಿ, ಕಂಬ, ಶಾಸನದಂಥ ಸಣ್ಣ ಕೆಲಸವನ್ನು ಆಸಕ್ತರು ಸ್ವತಃ ಮಾಡಿಕೊಳ್ಳಬಹುದು: ಮೆಶ್‌ರೂಮ್, ವೆಬ್‌ಒಡಿಎಂ ಉಚಿತ ಮತ್ತು ಮುಕ್ತ ತಂತ್ರಾಂಶಗಳು, ಹಿಂದೆ ರಿಯಾಲಿಟಿ ಕ್ಯಾಪ್ಚರ್ ಎಂದಿದ್ದ ರಿಯಾಲಿಟಿ ಸ್ಕ್ಯಾನ್ ಕೂಡ ಸಣ್ಣ ಬಳಕೆದಾರರಿಗೆ ಉಚಿತ, ಅಗಿಸಾಫ್ಟ್ ಮೆಟಾಶೇಪ್‌ಗೆ ಹಣ ಕೊಡಬೇಕು, ಈ ಸಂಸ್ಥೆ ಬಳಸುವುದು ಅದನ್ನೇ. ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಇರುವ ಕಂಪ್ಯೂಟರ್ ಮತ್ತು ತಾಳ್ಮೆ ಬೇಕು. ಅಳತೆ ಪಟ್ಟಿ ಇಡುವುದನ್ನು ಮಾತ್ರ ಬಿಡಬಾರದು.

ಕೆಲಸ ಕೊಡುವವರು ಕಾರ್ಯಾದೇಶದಲ್ಲೇ ಬರೆಸಿಕೊಳ್ಳಬೇಕಾದವು ಇಷ್ಟು: ಚೆಕ್ ಪಾಯಿಂಟ್‌ಗಳ ಪ್ರತ್ಯೇಕ ದೋಷ ಪಟ್ಟಿ, ತುಂಬಿದ ರಂಧ್ರಗಳಿಗೆ ಬೇರೆ ಬಣ್ಣ, ಗೆರೆ ನೆಟ್ಟಗೆ ಮಾಡದ ನಕ್ಷೆ, ಮತ್ತು ಎಲ್ಲ ಮೂಲ ಫೋಟೋಗಳಿರುವ ಡಿಸ್ಕ್. ಈಚೆಗೆ ಸಂಸ್ಥೆ ಎರಡನೆಯದನ್ನು ತಾನಾಗಿಯೇ ಪಾಲಿಸತೊಡಗಿದೆ. ನಾನು ನೋಡಿದ ಇತ್ತೀಚಿನ ಮಾದರಿಯಲ್ಲಿ ಫೋಟೋ ಸಿಗದ ಜಾಗಗಳು ಕೆಂಪಾಗಿದ್ದವು. ನಕ್ಷೆಯ ವಿಭಾಗಕ್ಕೆ ಇನ್ನೂ ಹೇಳಿಯೇ ಮಾಡಿಸಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊರಾಂಗಣದ ಕೆಲಸ ಒಪ್ಪಿಕೊಳ್ಳುವುದಿಲ್ಲ, ದೀಪಾವಳಿಯಿಂದ ಹೋಳಿಯವರೆಗೆ ಕೈತುಂಬ ಕೆಲಸ ಇಟ್ಟುಕೊಂಡಿರುತ್ತಾರೆ. ಆದ್ದರಿಂದ ಮಳೆಗಾಲದಲ್ಲೇ ಮಾತಾಡಿ ದಿನ ಗೊತ್ತುಮಾಡಿಕೊಳ್ಳುವುದು ಒಳ್ಳೆಯದು, ಮತ್ತು ಆಗ ಅವರಿಗೆ ಜಾಗವನ್ನು ಬಂದು ನೋಡಿ ಹೋಗಲು ಪುರುಸೊತ್ತೂ ಇರುತ್ತದೆ.